ಅಂಗಳದಲ್ಲಿ ಮಲ್ಲಿಗೆ ನೆಡೋ ಯೋಚನೆ ಇದ್ಯಾ? ಗಿಡ ತರುವ ಮೊದಲು ಈ ಮೂರು ಲೆಕ್ಕ ಹಾಕಿ

ಉಡುಪಿ: ಮಳೆಗಾಲ ಶುರುವಾಗ್ತಿದ್ದಂತೆ ಜಿಲ್ಲೆಯ ನರ್ಸರಿಗಳಲ್ಲಿ, ಸಂತೆಯಲ್ಲಿ, ರಸ್ತೆ ಬದಿ ಟೆಂಪೋ ನಿಲ್ಲಿಸಿ ಗಿಡ ಮಾರುವವರ ಹತ್ತಿರ ಜನ ಕೇಳಿ ಕೇಳಿ ಕೊಳ್ಳೋ ಗಿಡಗಳಲ್ಲಿ ಮಲ್ಲಿಗೆಯೂ ಒಂದು. ಜೂನ್‌ನಲ್ಲಿ ನೆಟ್ಟ ಗಿಡ ಆಟಿ ತಿಂಗಳು ಮುಗಿಯೋ ಹೊತ್ತಿಗೆ ಹಳದಿ ಆಗುತ್ತೆ, ಎಲೆ ಉದುರಿಸುತ್ತೆ, ಒಂದು ದಿನ ಬುಡ ಸಮೇತ ಕೈಗೆ ಬರುತ್ತೆ. ಉಳಿದ ಗಿಡ ಸೊಂಪಾಗಿ ಬೆಳೆದರೂ ಹೂವೇ ಬಿಡಲ್ಲ. ಆಗ ಮನೆಯಲ್ಲಿ ಬರೋ ಮಾತು ಒಂದೇ: "ನಮ್ಮ ಕೈಗುಣ ಸರಿ ಇಲ್ಲ."

ಕೈಗುಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತೆ. ಮಲ್ಲಿಗೆ ಬಿಸಿಲು ಬೇಡುವ, ಬುಡದಲ್ಲಿ ನೀರು ನಿಂತರೆ ತಡೆಯದ ಗಿಡ. ಹಾಗಾಗಿ ನಮ್ಮ ಊರಲ್ಲಿ ಮಲ್ಲಿಗೆ ಬದುಕೋದು, ಸಾಯೋದು ಬಹುತೇಕ ತೀರ್ಮಾನ ಆಗೋದು ಅದನ್ನ ಎಲ್ಲಿ ನೆಟ್ಟಿದ್ದೀರಿ ಅನ್ನೋದರ ಮೇಲೆ. ಗೊಬ್ಬರ, ಔಷಧಿ ಎಲ್ಲ ಆಮೇಲಿನ ಮಾತು.

ಗಿಡ ತರೋ ಮೊದಲು ಹಾಕಬೇಕಾದ ಲೆಕ್ಕ ಮೂರು: ಬಿಸಿಲು ಎಷ್ಟು ಬರುತ್ತೆ, ಮಳೆ ನೀರು ಎಲ್ಲಿ ಹೋಗುತ್ತೆ, ಹೂ ಕೊಯ್ಯೋಕೆ ಮನೆಯಲ್ಲಿ ಎಷ್ಟು ಕೈ ಇದೆ.

ಯಾವ ಮಲ್ಲಿಗೆ?

ಮಲ್ಲಿಗೆ ಅಂತ ಕರೆಯೋ ಹೂಗಳು ಹಲವು. ಎಲ್ಲವೂ ಒಂದೇ ಗಿಡ ಅಲ್ಲ. ಶಂಕರಪುರ, ಶಿರ್ವ ಸುತ್ತಮುತ್ತ ಮನೆ ಮನೆಯಲ್ಲಿ ಬೆಳೆಯೋದು, ಕಟ್ಟೆಗೆ ಹೋಗೋದು 'ಉಡುಪಿ ಮಲ್ಲಿಗೆ'. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಾಸ್ಮಿನಮ್ ಸಂಬಾಕ್. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ ಜತೆ ಉಡುಪಿ ಮಲ್ಲಿಗೆಗೂ ಜಿಐ ಟ್ಯಾಗ್ ಸಿಕ್ಕಿದೆ.

ಗುಂಡುಮಲ್ಲಿಗೆ, ಸುತ್ತು ಮಲ್ಲಿಗೆ ಕೂಡ ಇದೇ ಸಂಬಾಕ್ ಜಾತಿಗೆ ಸೇರಿದವು. ಗುಂಡುಮಲ್ಲಿಗೆ ಮೊಗ್ಗು ದಪ್ಪ, ದುಂಡಗೆ. ಸುತ್ತು ಮಲ್ಲಿಗೆಯಲ್ಲಿ ಎಸಳುಗಳು ಪದರ ಪದರವಾಗಿ ಇರುತ್ತವೆ. ದೇವರಿಗೆ, ಮುಡಿಯೋಕೆ ಎರಡೂ ಚೆಂದ. ಆದರೆ ಕಟ್ಟೆಯಲ್ಲಿ ಉಡುಪಿ ಮಲ್ಲಿಗೆಯ ರೇಟು ಇವಕ್ಕೆ ಸಿಗುತ್ತೆ ಅಂದ್ಕೊಂಡು ನೆಡಬೇಡಿ.

ಜಾಜಿ ಬೇರೆ ಗಿಡ. ಅದರ ಎಲೆ ಒಂದೇ ದಂಟಿನಲ್ಲಿ ಸಣ್ಣ ಸಣ್ಣ ಎಲೆಗಳು ಸಾಲಾಗಿ ಜೋಡಿಸಿದ ಹಾಗೆ ಇರುತ್ತೆ. ಮೊಗ್ಗಿನ ಹೊರಮೈಯಲ್ಲಿ ತಿಳಿ ಗುಲಾಬಿ ಛಾಯೆ ಕಾಣುತ್ತೆ. ಬಳ್ಳಿಯಾಗಿ ಹಬ್ಬೋದರಿಂದ ಆಸರೆ ಬೇಕು. ಕಾಕಡ ಇನ್ನೊಂದು. ಎಲೆ, ಎಳೆ ಗೆಲ್ಲುಗಳ ಮೇಲೆ ಸಣ್ಣ ರೋಮ ಇರುತ್ತೆ, ಪರಿಮಳ ಕಡಿಮೆ. ಆದರೆ ಚಳಿಗಾಲದಲ್ಲಿ ಮಲ್ಲಿಗೆ ಸಿಗದ ಹೊತ್ತಲ್ಲಿ ಕಾಕಡ ಹೂ ಬಿಡುತ್ತೆ, ಗಟ್ಟಿ ಗಿಡ, ಆರೈಕೆಯೂ ಕಡಿಮೆ ಸಾಕು.

ಸುಲಭದ ಲೆಕ್ಕ ಹೀಗೆ: ಮಾರಾಟದ ಆಸೆ ಇದ್ದರೆ ಉಡುಪಿ ಮಲ್ಲಿಗೆಯೇ ಬೇಕು. ಮನೆ ದೇವರಿಗೆ, ಮುಡಿಗೆ ಅಂದ್ರೆ ಯಾವುದಾದರೂ ಆಗುತ್ತೆ. ಜಾಗದಲ್ಲಿ ಬಿಸಿಲು ಸ್ವಲ್ಪ ಕಮ್ಮಿ, ನೋಡಿಕೊಳ್ಳೋಕೆ ಪುರುಸೊತ್ತೂ ಇಲ್ಲ ಅನ್ನೋರಿಗೆ ಕಾಕಡ ವಾಸಿ.

ಮೊದಲ ಲೆಕ್ಕ: ಬಿಸಿಲು

ಮಲ್ಲಿಗೆಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ನೆರಳಲ್ಲಿ ಗಿಡ ಸಾಯಲ್ಲ, ಅದೇ ಜನರನ್ನ ಯಾಮಾರಿಸೋದು. ಎಲೆ ದೊಡ್ಡದಾಗಿ, ಕಡು ಹಸಿರಾಗಿ, ಗೆಲ್ಲು ಉದ್ದುದ್ದ ಆಗುತ್ತೆ. ನೋಡಿದೋರು ಗಿಡ ಒಳ್ಳೆದಾಗಿದೆ ಅಂತಾರೆ. ಮೊಗ್ಗು ಮಾತ್ರ ಬರಲ್ಲ. ಆಗ ಇನ್ನಷ್ಟು ಗೊಬ್ಬರ ಹಾಕ್ತಾರೆ, ಇನ್ನಷ್ಟು ಎಲೆ ಬರುತ್ತೆ.

ನಮ್ಮ ಕಡೆ ಹೆಚ್ಚಿನ ಮನೆಗಳ ಹಿತ್ತಲಲ್ಲಿ ತೆಂಗಿನ ಮರ ಇದ್ದೇ ಇರುತ್ತೆ. ಜಾಗ ಖಾಲಿ ಇದೆ ಅಂತ ಎರಡು ತೆಂಗಿನ ನಡುವೆ ಮಲ್ಲಿಗೆ ನೆಡೋದು ಸಾಮಾನ್ಯ. ಅಲ್ಲಿ ಬಿಸಿಲು ತುಂಡು ತುಂಡಾಗಿ ಬೀಳುತ್ತೆ, ಜತೆಗೆ ತೆಂಗಿನ ಬೇರು ಗೊಬ್ಬರವನ್ನೂ ಎಳ್ಕೊಳ್ಳುತ್ತೆ. ಮಾವು, ಹಲಸಿನ ಅಡಿ ಅಂತೂ ಬೇಡವೇ ಬೇಡ.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬರಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯ ನೆತ್ತಿ ಮೇಲೆ ಇರ್ತಾನೆ, ಮನೆಯ ಸುತ್ತ ನಾಲ್ಕೂ ಬದಿ ಬಿಸಿಲು ಕಾಣುತ್ತೆ. ನವೆಂಬರ್‌ನಿಂದ ಜನವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಮನೆಯ ನೆರಳು ಉತ್ತರ ಬದಿಗೆ ಬೀಳುತ್ತೆ. ಮಲ್ಲಿಗೆ ಗೆಲ್ಲು ಸವರಿ, ಹೊಸ ಚಿಗುರು ಬರಬೇಕಾದ್ದು ಅದೇ ತಿಂಗಳುಗಳಲ್ಲಿ. ಹಾಗಾಗಿ ಮೇ ತಿಂಗಳ ಬಿಸಿಲು ನೋಡಿ ಉತ್ತರದ ಗೋಡೆ ಪಕ್ಕ ಗಿಡ ನೆಟ್ಟರೆ ಮೋಸ ಹೋಗ್ತೀರಿ. ದಕ್ಷಿಣ, ಪೂರ್ವ ಅಥವಾ ಪಶ್ಚಿಮದ ತೆರೆದ ಜಾಗ ಒಳ್ಳೆದು. ಬೇರೆ ಜಾಗ ಇಲ್ಲ ಅಂದ್ರೆ ಉತ್ತರದಲ್ಲಿ ಗೋಡೆಯಿಂದ ಆದಷ್ಟು ದೂರ ನೆಡಿ.

ಎರಡನೇ ಲೆಕ್ಕ: ಮಳೆ ನೀರು

ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲಿ ದಿನಗಟ್ಟಲೆ ನೀರು ತುಂಬಿಕೊಂಡರೆ ಬೇರು ಉಸಿರು ಕಟ್ಟಿ ಕೊಳೆಯೋಕೆ ಶುರುವಾಗುತ್ತೆ. ಕೊಳೆತ ಬೇರಿಗೆ ಶಿಲೀಂಧ್ರ ಹತ್ತುತ್ತೆ. ಬೇರು ಕೆಟ್ಟ ಗಿಡ ಮೇಲಿಂದ ನೀರು ಸಿಗದ ಗಿಡದ ಹಾಗೇ ಬಾಡುತ್ತೆ. ಅದನ್ನ ನೋಡಿ ಇನ್ನೂ ನೀರು ಹಾಕುವವರಿದ್ದಾರೆ.

ಜಾಗ ಪರೀಕ್ಷೆ ಮಾಡೋದು ಕಷ್ಟ ಇಲ್ಲ. ಜೋರು ಮಳೆ ಬಂದು ನಿಂತ ಒಂದು ಗಂಟೆ ಬಿಟ್ಟು ಅಂಗಳ ಸುತ್ತಿ ನೋಡಿ. ಎಲ್ಲಿ ನೀರು ಇನ್ನೂ ನಿಂತಿದೆಯೋ ಅಲ್ಲಿ ಮಲ್ಲಿಗೆ ನೆಡಬೇಡಿ. ಮಳೆಗಾಲ ಅಲ್ಲದಿದ್ದರೆ ಒಂದೂವರೆ ಅಡಿ ಗುಂಡಿ ತೆಗೆದು ನೀರು ತುಂಬಿಸಿ ನೋಡಿ. ಕೆಲವು ಗಂಟೆಗಳಲ್ಲಿ ಇಂಗಿದರೆ ಚಿಂತೆ ಇಲ್ಲ. ಮರುದಿನವೂ ನೀರು ಹಾಗೇ ಇದ್ದರೆ ಕೆಳಗೆ ಜೇಡಿ ಅಥವಾ ಗಟ್ಟಿ ಮುರಕಲ್ಲಿನ ಪದರ ಇದೆ ಅಂತ ಅರ್ಥ. ಮುರಕಲ್ಲು ಪಾರೆಯಲ್ಲಿ ಗುಂಡಿ ಕಡಿದು ಗಿಡ ನೆಟ್ಟರೆ ಅದು ಮಳೆಗಾಲದಲ್ಲಿ ಬಾವಿ ಆದ ಹಾಗೆ. ನಾಲ್ಕೂ ಕಡೆಯಿಂದ ನೀರು ಬಂದು ಅಲ್ಲೇ ನಿಲ್ಲುತ್ತೆ.

ಗದ್ದೆ ಮಣ್ಣು ತುಂಬಿಸಿ ಸೈಟ್ ಮಾಡಿದ ಜಾಗಗಳಲ್ಲೂ ಇದೇ ತೊಂದರೆ. ಹೀಗಿದ್ದಾಗ ಗುಂಡಿ ಬಿಟ್ಟು ಏರಿ ಮಾಡೋದು ಒಳ್ಳೆ ದಾರಿ. ನೆಲದಿಂದ ಒಂದೂವರೆ, ಎರಡು ಅಡಿ ಎತ್ತರ ಮಣ್ಣು ಏರಿಸಿ, ಅದರ ಮೇಲೆ ಗಿಡ ನೆಟ್ಟು, ಪಕ್ಕದಲ್ಲಿ ನೀರು ಹೋಗೋಕೆ ಕಣಿ ಬಿಡಬೇಕು. ಅಡಿಕೆ ತೋಟ ಇದ್ದವರಿಗೆ ಕಣಿಯ ಬೆಲೆ ಹೇಳಿ ಕೊಡಬೇಕಾಗಿಲ್ಲ. ಮಾಡಿನ ನೀರು ನೇರ ಗಿಡದ ಮೇಲೆ ಸುರಿಯೋ ಜಾಗವನ್ನೂ ಬಿಡಿ.

ಕಡಲ ಬದಿಯ ಹೊಯಿಗೆ ಮಣ್ಣಿನಲ್ಲಿ ಈ ಕಷ್ಟ ಇಲ್ಲ, ನೀರು ಕೂಡಲೇ ಇಂಗುತ್ತೆ. ಅಲ್ಲಿ ಬೇರೆ ಎರಡು ಕಷ್ಟ. ಹಾಕಿದ ಗೊಬ್ಬರವೂ ನೀರಿನ ಜತೆ ಇಳಿದು ಹೋಗುತ್ತೆ, ಅದಕ್ಕೆ ಸ್ವಲ್ಪ ಸ್ವಲ್ಪ ಹಲವು ಸಲ ಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೆಲವು ಬಾವಿಗಳ ನೀರು ಉಪ್ಪಾಗುತ್ತೆ, ಆ ನೀರು ಮಲ್ಲಿಗೆಗೆ ಆಗಲ್ಲ. ಎಲೆಯ ಅಂಚು ಸುಟ್ಟ ಹಾಗೆ ಕಾಣಿಸಿದರೆ ಮೊದಲು ಬಾವಿ ನೀರಿನ ರುಚಿ ನೋಡಿ.

ಮೂರನೇ ಲೆಕ್ಕ: ಕೈ

ಇದನ್ನ ಹೆಚ್ಚಿನವರು ಮರೀತಾರೆ. ಕಟ್ಟೆಯ ಲೆಕ್ಕದಲ್ಲಿ ಒಂದು ಚೆಂಡಿಗೆ ಸುಮಾರು 800 ಹೂ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದ್ರೆ ಸುಮಾರು 3,200 ಹೂ. ರೇಟು ಹೇಳೋದು ಅಟ್ಟೆಗೆ. ಅಟ್ಟೆಗೆ 2,100 ರೂಪಾಯಿ ಮುಟ್ಟಿದ ದಿನಗಳನ್ನ ಜಿಲ್ಲೆ ಎಷ್ಟೋ ಸಲ ನೋಡಿದೆ. ಆ ದಿನ ಒಂದು ಚೆಂಡು ಕೊಟ್ಟವರ ಪಾಲಿಗೆ 525 ರೂಪಾಯಿ. ಒಂದು ಹೂವಿಗೆ ಸುಮಾರು 65 ಪೈಸೆ. ರೇಟು ಇಳಿದು ಅಟ್ಟೆಗೆ 800 ಆದ ದಿನ ಅದೇ ಹೂವಿಗೆ 25 ಪೈಸೆ.

ರೇಟು ಎಷ್ಟೇ ಇರಲಿ, ಕೆಲಸ ಅಷ್ಟೇ. ಬೆಳಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯಬೇಕು. ಒಂದೊಂದೇ ಮೊಗ್ಗು ಬಾಳೆ ನಾರಿಗೆ ಸೇರಿಸಿ ಕಟ್ಟಬೇಕು. ಏಜೆಂಟರು ಬರೋ ಹೊತ್ತಿಗೆ ಚೆಂಡು ತಯಾರಿರಬೇಕು. ಇದು ವಾರಕ್ಕೊಮ್ಮೆ ಮಾಡೋ ಕೆಲಸ ಅಲ್ಲ. ಇವತ್ತಿನ ಮೊಗ್ಗು ಇವತ್ತೇ ಕೊಯ್ಯಬೇಕು, ಬಿಟ್ಟರೆ ಸಂಜೆಗೆ ಅರಳಿ ನಾಳೆಗೆ ಉದುರುತ್ತೆ.

ಒಂದು ಗಿಡ ಸೀಸನ್‌ನಲ್ಲಿ ದಿನಕ್ಕೆ 40 ಮೊಗ್ಗು ಕೊಡುತ್ತೆ ಅಂತ ಇಟ್ಕೊಂಡರೆ, ದಿನಕ್ಕೊಂದು ಚೆಂಡು ಕಟ್ಟೋಕೆ 20 ಗಿಡ ಬೇಕು. ಒಬ್ಬರೇ ಇರೋ ಮನೆಯಲ್ಲಿ ಬೆಳಗ್ಗೆ ತಿಂಡಿ, ಮಕ್ಕಳ ಶಾಲೆ ಎಲ್ಲದರ ನಡುವೆ 800 ಮೊಗ್ಗು ಕೊಯ್ದು ಕಟ್ಟೋದು ಸಣ್ಣ ಕೆಲಸ ಅಲ್ಲ. ಜಾಗ 100 ಗಿಡಕ್ಕೆ ಸಾಕಾಗುತ್ತೆ ಅಂತ 100 ಗಿಡ ನೆಟ್ಟು, ಕೊಯ್ಯೋಕೆ ಜನ ಇಲ್ಲದೆ ಹೂವೆಲ್ಲ ಗಿಡದಲ್ಲೇ ಅರಳಿ ಹೋದರೆ ಹಾಕಿದ ದುಡ್ಡೂ ಹೋಯ್ತು, ನೆಮ್ಮದಿಯೂ ಹೋಯ್ತು.

ಹಾಗಾಗಿ ಗಿಡದ ಸಂಖ್ಯೆಯನ್ನ ಜಾಗ ನೋಡಿ ಇಡಬೇಡಿ, ಕೈ ನೋಡಿ ಇಡಿ. ಮನೆ ಬಳಕೆಗೆ ಎರಡು ಮೂರು ಗಿಡ ಸಾಕು. ಮಾರೋ ಯೋಚನೆ ಇದ್ದರೂ ಮೊದಲ ವರ್ಷ 10 ಗಿಡದಲ್ಲಿ ಶುರು ಮಾಡಿ. ಎರಡು ಸೀಸನ್ ನೋಡಿ, ಆಗುತ್ತೆ ಅನ್ನಿಸಿದರೆ ಅದೇ ಗಿಡಗಳ ಗೆಲ್ಲಿನಿಂದ ಇನ್ನಷ್ಟು ಮಾಡ್ಕೊಬಹುದು, ದುಡ್ಡು ಕೊಟ್ಟು ತರಬೇಕಾಗಿಲ್ಲ. ಮನೆಗೆ ಹತ್ತಿರ ಹೂ ತಗೊಳ್ಳೋ ಏಜೆಂಟರು ಬರ್ತಾರಾ ಅನ್ನೋದನ್ನೂ ನೆಡೋ ಮೊದಲೇ ವಿಚಾರಿಸಿ. ಅಂಗಡಿಗೆ ದಿನಾ ಬಸ್ಸಲ್ಲಿ ಹೋಗಿ ಹೂ ಕೊಡೋದಾದರೆ ಬಸ್ ಚಾರ್ಜ್, ಹೊತ್ತು ಎರಡೂ ಲೆಕ್ಕಕ್ಕೆ ಸೇರುತ್ತೆ.

ಗಿಡ ಆರಿಸೋದು ಹೇಗೆ?

ಎಲ್ಲಕ್ಕಿಂತ ನಂಬಿಕೆಯ ದಾರಿ, ಕಟ್ಟೆಗೆ ಹೂ ಕೊಡುವ ಪರಿಚಯದವರ ಮನೆಯಿಂದ ಗೆಲ್ಲು ತರೋದು. ಹೂ ಕಣ್ಣಾರೆ ನೋಡಿದ ಗಿಡದ ಗೆಲ್ಲಾದ್ರೆ ಜಾತಿ ಯಾವುದು ಅನ್ನೋ ಅನುಮಾನ ಇರಲ್ಲ. ತೀರಾ ಎಳೆಯದೂ ಅಲ್ಲದ, ತೀರಾ ಬಲಿತದ್ದೂ ಅಲ್ಲದ, ಪೆನ್ಸಿಲ್ ಗಾತ್ರದ ಗೆಲ್ಲನ್ನ ಮೂರು ನಾಲ್ಕು ಗೆಣ್ಣು ಇರೋ ಹಾಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ಹೊಯಿಗೆ ಬೆರೆಸಿದ ಮಣ್ಣಿಗೆ ಊರಿ ನೆರಳಲ್ಲಿಡಿ. ಬೇರು ಬರೋಕೆ ಒಂದೂವರೆ, ಎರಡು ತಿಂಗಳು ಬೇಕು. ನೆಲಕ್ಕೆ ಬಾಗಿದ ಗೆಲ್ಲಿನ ಒಂದು ಗೆಣ್ಣಿಗೆ ಮಣ್ಣು ಹಾಕಿ ಮೇಲೆ ಕಲ್ಲಿಟ್ಟರೂ ಅಲ್ಲೇ ಬೇರು ಬರುತ್ತೆ. ಆಮೇಲೆ ತಾಯಿ ಗಿಡದಿಂದ ಕತ್ತರಿಸಿ ಬೇರೆ ಮಾಡಿದರಾಯ್ತು.

ನರ್ಸರಿಯಿಂದ ತರೋದಾದರೆ:

ಹೂ ಅಥವಾ ಮೊಗ್ಗು ಇರೋ ಗಿಡ ನೋಡಿ ಜಾತಿ ಖಾತ್ರಿ ಮಾಡ್ಕೊಳ್ಳಿ. ಜತೆಯಲ್ಲಿ ಮಲ್ಲಿಗೆ ಬೆಳೆಯೋ ಒಬ್ಬರನ್ನ ಕರ್ಕೊಂಡು ಹೋದರೆ ಇನ್ನೂ ಒಳ್ಳೆದು.

ಎತ್ತರದ ಒಂದೇ ದಂಟಿನ ಗಿಡಕ್ಕಿಂತ ಬುಡದಿಂದಲೇ ಮೂರು ನಾಲ್ಕು ಗೆಲ್ಲು ಒಡೆದ ಗಿಡ್ಡ ಗಿಡ ವಾಸಿ.

ಎಲೆ ಮಗುಚಿ ಅಡಿಭಾಗ ನೋಡಿ. ಬಲೆ, ಬಿಳಿ ಹಿಟ್ಟಿನಂಥ ಹುಳ, ಮಖಮಲ್ ಥರದ ಬಿಳಿ ಪದರ ಇದ್ದರೆ ಬೇಡ ಅನ್ನಿ.

ತೊಟ್ಟೆಯ ಅಡಿಯಿಂದ ಬೇರು ಸುತ್ತಿ ಸುತ್ತಿ ಹೊರಬಂದಿದ್ದರೆ ಅದು ಬಹಳ ದಿನದಿಂದ ತೊಟ್ಟೆಯಲ್ಲೇ ಇರೋ ಗಿಡ.

ನೆಡೋ ಕ್ರಮ

ನೆಲದಲ್ಲಿ ನೆಡೋದಾದರೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಕೆಲವು ದಿನ ಬಿಸಿಲಿಗೆ ಬಿಡಿ. ಕರಾವಳಿಯ ಕೆಂಪು ಮಣ್ಣು ಹುಳಿ ಗುಣದ್ದು. ಒಂದೆರಡು ಮುಷ್ಟಿ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು ಆಮೇಲೆ ಗೊಬ್ಬರ ಹಾಕಿ. ಸುಣ್ಣ, ಗೊಬ್ಬರ ಒಟ್ಟಿಗೇ ಹಾಕಬೇಡಿ. ಮೇಲ್ಮಣ್ಣು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಸುಡುಮಣ್ಣು, ಒಂದೆರಡು ಮುಷ್ಟಿ ಬೇವಿನ ಹಿಂಡಿ ಸೇರಿಸಿ ಗುಂಡಿ ತುಂಬಿಸಿ. ತುಂಬಿದ ಮೇಲೆ ಗುಂಡಿ ನೆಲಮಟ್ಟಕ್ಕಿಂತ ಎತ್ತರ ಇರಬೇಕು, ಮಳೆಗೆ ಮಣ್ಣು ಇಳಿಯುತ್ತೆ.

ಗಿಡದಿಂದ ಗಿಡಕ್ಕೆ ಐದಾರು ಅಡಿ ಬಿಡಿ. ಸಣ್ಣ ಗಿಡ ನೋಡಿ ಹತ್ತಿರ ಹತ್ತಿರ ನೆಟ್ಟರೆ ಎರಡು ವರ್ಷದಲ್ಲಿ ಒಂದರ ನೆರಳು ಇನ್ನೊಂದಕ್ಕೆ. ಕೊಯ್ಯೋಕೆ ನಡುವೆ ನಿಲ್ಲೋಕೂ ಜಾಗ ಇರಲ್ಲ.

ಯಾವಾಗ ನೆಡೋದು? ಮೊದಲ ಮಳೆಗೆ ನೆಡೋದು ರೂಢಿ. ಪತ್ತನಾಜೆ ಕಳೆದು ಮಳೆ ಹಿಡಿಯೋ ಮೊದಲು ನೆಟ್ಟರೆ ಗಿಡಕ್ಕೆ ಬೇರು ಬಿಡೋಕೆ ಸ್ವಲ್ಪ ದಿನ ಸಿಗುತ್ತೆ. ಆ ಹೊತ್ತು ತಪ್ಪಿತು, ಜಾಗದಲ್ಲಿ ನೀರು ನಿಲ್ಲೋ ಭಯವೂ ಇದೆ ಅಂದ್ರೆ ಜುಲೈಯಲ್ಲಿ ಅವಸರ ಮಾಡಬೇಡಿ. ಗಿಡವನ್ನ ತೊಟ್ಟೆಯಲ್ಲೇ ಮಾಡಿನ ಅಡಿ ಬೆಳಕಿನಲ್ಲಿಟ್ಟು, ಸೆಪ್ಟೆಂಬರ್ ಕೊನೆಗೆ ಮಳೆ ತಗ್ಗಿದ ಮೇಲೆ ನೆಡಿ. ಒಂದು ಸೀಸನ್ ಹೂ ತಡ ಆಗಬಹುದು, ಗಿಡ ಉಳಿಯುತ್ತೆ.

ಮೊದಲ ಕೆಲವು ತಿಂಗಳು ಬರೋ ಮೊಗ್ಗನ್ನ ಚಿವುಟಿ ತೆಗೀರಿ. ಮನಸ್ಸು ಬರಲ್ಲ, ಆದರೂ ಮಾಡ್ಬೇಕು. ಆ ಶಕ್ತಿ ಗೆಲ್ಲಿಗೆ ಹೋದರೆ ಮುಂದೆ ಹೂ ಜಾಸ್ತಿ.

ತಾರಸಿ ಮೇಲೆ ಆಗುತ್ತಾ?

ಆಗುತ್ತೆ, ಕೆಲವು ಮನೆಗಳಿಗೆ ಅದೇ ಒಳ್ಳೆದು. ತಾರಸಿಯಲ್ಲಿ ಬಿಸಿಲಿಗೆ ಕೊರತೆ ಇಲ್ಲ, ಚಟ್ಟಿಯ ಅಡಿಯಲ್ಲಿ ತೂತು ಇದ್ದರೆ ನೀರೂ ನಿಲ್ಲಲ್ಲ. ಉಡುಪಿ, ಮಣಿಪಾಲದ ಕಡೆ ಸೈಟ್ ಸಣ್ಣದಿರೋ ಮನೆಗಳಿಗೆ ಇದೊಂದೇ ದಾರಿ.

ಚಟ್ಟಿ ಅಥವಾ ಗ್ರೋ ಬ್ಯಾಗ್ ಕನಿಷ್ಠ 15 ಇಂಚಿನದ್ದಿರಲಿ. ಅದರಲ್ಲಿ ಒದ್ದೆ ಮಣ್ಣು ತುಂಬಿದರೆ 50, 60 ಕೆಜಿ ತೂಗುತ್ತೆ. 20 ಚಟ್ಟಿ ಅಂದ್ರೆ ಒಂದು ಟನ್‌ಗೂ ಮೇಲೆ. ಹಾಗಾಗಿ ನಡು ತಾರಸಿಯಲ್ಲಿ ಗುಂಪಾಗಿ ಇಡದೆ, ಕೆಳಗೆ ಗೋಡೆ, ಬೀಮ್ ಇರೋ ಅಂಚಿನ ಸಾಲಲ್ಲಿ ಇಡಿ. ಹಳೆ ಮನೆ ಆದರೆ ಇಂಜಿನಿಯರ್ ಒಬ್ಬರಲ್ಲಿ ಕೇಳಿಯೇ ಇಡಿ. ಚಟ್ಟಿಯನ್ನ ನೇರ ತಾರಸಿ ಮೇಲೆ ಕೂರಿಸದೆ ಎರಡು ಇಟ್ಟಿಗೆ ಮೇಲೆ ಇಟ್ಟರೆ ತೂತು ಮುಚ್ಚಲ್ಲ, ಬೇರು ಕಾಂಕ್ರೀಟಿಗೆ ಇಳಿಯಲ್ಲ. ತಾರಸಿಯ ನೀರು ಹೋಗೋ ಪೈಪಿಗೆ ತರಗೆಲೆ ಕಟ್ಟಿಕೊಳ್ಳದ ಹಾಗೆ ಮಳೆಗಾಲದಲ್ಲಿ ನೋಡ್ತಾ ಇರಿ.

ಚಟ್ಟಿಗೆ ಬರೀ ಕೆಂಪು ಮಣ್ಣು ಹಾಕಿದರೆ ವರ್ಷದಲ್ಲಿ ಕಲ್ಲಾಗುತ್ತೆ. ಮಣ್ಣು, ಹೊಯಿಗೆ, ಕಳಿತ ಗೊಬ್ಬರ ಸಮ ಸಮ ಬೆರೆಸಿ. ಬೇಸಿಗೆಯಲ್ಲಿ ಚಟ್ಟಿಗೆ ದಿನಾ ನೀರು ಬೇಕು. ಮೂರು ದಿನ ಮನೆಗೆ ಬೀಗ ಹಾಕಿ ಹೋಗೋರು ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕು.

ಗೊಬ್ಬರ, ನೀರು

ನೆಲದ ಗಿಡಕ್ಕೆ ವರ್ಷಕ್ಕೆ 10 ಕೆಜಿಯಷ್ಟು ಹಟ್ಟಿಗೊಬ್ಬರ ಕೊಡಿ. ಗೆಲ್ಲು ಸವರಿದ ಮೇಲೆ ಒಂದು ಸಲ, ಮಳೆಗಾಲದ ಮುಂಚೆ ಒಂದು ಸಲ ಹಂಚಿ ಹಾಕಬಹುದು. ಹೂ ಬಿಡೋ ತಿಂಗಳುಗಳಲ್ಲಿ ನೆಲಗಡಲೆ ಹಿಂಡಿಯನ್ನ ಮೂರು ದಿನ ನೀರಲ್ಲಿ ನೆನೆಸಿ, ಹತ್ತು ಪಟ್ಟು ನೀರು ಸೇರಿಸಿ 15 ದಿನಕ್ಕೊಮ್ಮೆ ಬುಡಕ್ಕೆ ಹಾಕೋದು ಒಳ್ಳೆದು. ವಾಸನೆ ಬರುತ್ತೆ, ನೆರೆಮನೆಯವರ ಕಿಟಕಿ ಪಕ್ಕ ನೆನೆಸಬೇಡಿ.

ಯೂರಿಯಾ ಜಾಸ್ತಿ ಆದರೆ ಎಲೆ ಬರುತ್ತೆ, ಹೂ ಬರಲ್ಲ. ರಾಸಾಯನಿಕ ಗೊಬ್ಬರ ಹಾಕೋದಾದರೆ ಮಣ್ಣು ಪರೀಕ್ಷೆ ಮಾಡಿಸಿ ಹಾಕಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ತೋಟಗಾರಿಕಾ ಇಲಾಖೆಯಲ್ಲಿ ಈ ಬಗ್ಗೆ ಮಾಹಿತಿ ಸಿಗುತ್ತೆ. ಗೊಬ್ಬರ ಯಾವುದೇ ಇರಲಿ, ಕಾಂಡಕ್ಕೆ ತಾಗಿಸದೆ ಒಂದಡಿ ದೂರದಲ್ಲಿ ಸುತ್ತ ಹಾಕಿ.

ಬೇಸಿಗೆಯಲ್ಲಿ ನೆಲದ ಗಿಡಕ್ಕೆ ಎರಡು ದಿನಕ್ಕೊಮ್ಮೆ ನೀರು ಸಾಕು. ಬುಡಕ್ಕೆ ತರಗೆಲೆ ಮುಚ್ಚಿದರೆ ಇನ್ನೂ ಕಡಿಮೆ ಸಾಕು. ಮಳೆ ಶುರುವಾದ ಕೂಡಲೇ ಆ ತರಗೆಲೆಯನ್ನ ಕಾಂಡದಿಂದ ದೂರ ಸರಿಸಿ, ಬುಡಕ್ಕೆ ಮಣ್ಣು ಏರಿಸಿ.

ಗೆಲ್ಲು ಸವರದಿದ್ದರೆ ಹೂ ಇಲ್ಲ

ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಗೆಲ್ಲು ಹಾಗೇ ಬಿಟ್ಟರೆ ಗಿಡ ಪೊದೆ ಆಗುತ್ತೆ, ಹೂ ಕಡಿಮೆ ಆಗ್ತಾ ಹೋಗುತ್ತೆ. ಮನೆಯಲ್ಲಿ ಒಂದೆರಡು ಗಿಡ ಇಟ್ಟವರು ಮಾಡದೇ ಬಿಡೋ ಕೆಲಸ ಇದೇ. ಹಸಿರು ಗಿಡಕ್ಕೆ ಕತ್ತಿ ಹಾಕೋಕೆ ಜೀವ ಬರಲ್ಲ.

ಮಳೆ ಪೂರ್ತಿ ನಿಂತ ಮೇಲೆ, ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ ಇದನ್ನ ಮಾಡಬೇಕು. ಅದಕ್ಕೆ 10, 15 ದಿನ ಮೊದಲು ನೀರು ನಿಲ್ಲಿಸಿ. ಆಮೇಲೆ ಹರಿತವಾದ ಕತ್ತರಿಯಿಂದ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಗಿಡ ಸವರಿ. ಒಣಗಿದ್ದು, ಸಪೂರ ಇರೋದು, ಒಳಗೆ ಒಂದಕ್ಕೊಂದು ಉಜ್ಜಿಕೊಳ್ಳೋ ಗೆಲ್ಲು ಎಲ್ಲ ತೆಗೀರಿ. ದಪ್ಪ ಗೆಲ್ಲು ಕಡಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿ. ನಂತರ ಗೊಬ್ಬರ ಕೊಟ್ಟು ನೀರು ಶುರು ಮಾಡಿ. ಮಾರ್ಚ್ ಹೊತ್ತಿಗೆ ಮೊಗ್ಗು ಕಾಣುತ್ತೆ, ಮಾರ್ಚ್‌ನಿಂದ ಮಳೆ ಶುರುವಾಗೋವರೆಗೆ ಒಳ್ಳೆ ಹೂ.

ನೆಟ್ಟು ವರ್ಷ ತುಂಬದ ಗಿಡವನ್ನ ಇಷ್ಟು ಕೆಳಗೆ ಸವರಬೇಡಿ, ತುದಿ ಚಿವುಟಿದರೆ ಸಾಕು. ಚಟ್ಟಿಯ ಗಿಡಕ್ಕೆ ಒಂದು ಕಂತು ಹೂ ಮುಗಿದ ಮೇಲೆ ಹೂ ಬಿಟ್ಟ ತುದಿಯನ್ನ ಎರಡು ಗೆಣ್ಣು ಕೆಳಗೆ ಕತ್ತರಿಸ್ತಾ ಹೋದರೆ ಮತ್ತೆ ಚಿಗುರಿ ಹೂ ಬರುತ್ತೆ.

ಹುಳ, ರೋಗ

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಮುರುಟಿದರೆ ಅದು ಮೊಗ್ಗು ಕೊರೆಯೋ ಹುಳ ಅಥವಾ ಮೊಗ್ಗಿನ ನೊಣದ ಕೆಲಸ. ಅಂಥ ಮೊಗ್ಗು ಕಿತ್ತು ಅಲ್ಲೇ ಬಿಸಾಡಬೇಡಿ. ಒಟ್ಟು ಮಾಡಿ ಸುಟ್ಟುಬಿಡಿ. ಈ ಹುಳಗಳು ಮಣ್ಣಿಗೆ ಇಳಿದು ಕೋಶ ಕಟ್ಟುತ್ತವೆ, ಹಾಗಾಗಿ ಬುಡದ ಮಣ್ಣನ್ನ ಆಗಾಗ ಮೇಲಿಂದ ಸಡಿಲ ಮಾಡಿ ಬಿಸಿಲಿಗೆ ಬಿಡಿ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ.

ಗಿಡ ಒಮ್ಮೆಲೇ ಬಾಡಿದ್ರೆ ಬುಡದ ಮಣ್ಣು ಬಿಡಿಸಿ ನೋಡಿ. ಬಿಳಿ ನೂಲಿನಂಥದ್ದು, ಸಾಸಿವೆ ಕಾಳಿನ ಹಾಗಿರೋ ಸಣ್ಣ ಉಂಡೆ ಕಂಡರೆ ಅದು ಬುಡ ಕೊಳೆ ರೋಗ. ಆ ಗಿಡ ಉಳಿಯೋದು ಕಷ್ಟ. ಮಣ್ಣು ಸಮೇತ ತೆಗೆದು ದೂರ ಹಾಕಿ, ಪಕ್ಕದ ಗಿಡಗಳ ಕಣಿ ಸರಿ ಮಾಡಿ. ಮಳೆಗಾಲದ ಮೊದಲೇ ಹಟ್ಟಿಗೊಬ್ಬರದ ಜತೆ ಟ್ರೈಕೋಡರ್ಮಾ ಬೆರೆಸಿ ಕೊಡೋದು ಮುಂಜಾಗ್ರತೆ. ಅದೇ ಗುಂಡಿಗೆ ಕೂಡಲೇ ಇನ್ನೊಂದು ಮಲ್ಲಿಗೆ ನೆಡಬೇಡಿ.

ಈ ಹೂ ಮುಡಿಗೆ, ದೇವರಿಗೆ, ನೇಮ ಕೋಲಗಳಿಗೆ, ಮಕ್ಕಳ ಕೈಗೆ ಹೋಗುವಂಥದ್ದು. ಘಾಟು ಔಷಧಿ ಹೊಡೆದು ಮರುದಿನ ಬೆಳಗ್ಗೆ ಕೊಯ್ದು ಕಟ್ಟೋದು ಬೇಡ. ಕಟ್ಟುವವರ ಬೆರಳಿಗೂ ಅದು ಒಳ್ಳೆದಲ್ಲ.

ದುಡ್ಡು ಯಾವಾಗ?

ಹೂವಿನ ರೇಟು ಗಿಡದ ಮಾತು ಕೇಳಲ್ಲ, ಪಂಚಾಂಗದ ಮಾತು ಕೇಳುತ್ತೆ. ಮದುವೆ, ಬ್ರಹ್ಮಕಲಶ, ನೇಮಗಳು ಇರೋ ದಿನಗಳಲ್ಲಿ ಏರುತ್ತೆ. ಆಟಿಯಲ್ಲಿ ಮದುವೆ ಇರಲ್ಲ, ಬೇಡಿಕೆ ಬೀಳುತ್ತೆ. ನಾಗರ ಪಂಚಮಿ, ವರಮಹಾಲಕ್ಷ್ಮಿ, ಚೌತಿ ಹೊತ್ತಿಗೆ ಮತ್ತೆ ಏರುತ್ತೆ. ಆಗ ಮಳೆಯಿಂದ ಹೂವೇ ಕಡಿಮೆ ಇರೋದರಿಂದ ಹತ್ತು ಮೊಗ್ಗು ಇದ್ದವರಿಗೂ ಬೆಲೆ. ಏಪ್ರಿಲ್, ಮೇಯಲ್ಲಿ ಎಲ್ಲರ ಗಿಡದಲ್ಲೂ ಒಟ್ಟಿಗೇ ಹೂ. ಮುಹೂರ್ತ ಇಲ್ಲದ ದಿನ ಬಂದ್ರೆ ರೇಟು ಕೆಳಗೆ. ಆ ಹೊತ್ತಲ್ಲಿ ಅಕಾಲಿಕ ಮಳೆ ಬಿದ್ದರೆ ಮೊಗ್ಗು ಕಪ್ಪಾಗಿ ಅದೂ ಇಲ್ಲ.

ಹಾಗಾಗಿ ಒಂದು ದಿನದ 2,100 ರೂಪಾಯಿ ಸುದ್ದಿ ಓದಿ ವರ್ಷದ ಲೆಕ್ಕ ಹಾಕಬಾರದು. ಇಡೀ ವರ್ಷ ಕೊಯ್ದು, ಇಳಿದ ದಿನವೂ ಕಟ್ಟಿ ಕೊಟ್ಟವರಿಗೆ ಮಾತ್ರ ಸರಾಸರಿ ಉಳಿಯುತ್ತೆ. ಶಂಕರಪುರ ಸುತ್ತಲಿನ ಹಲವು ಮನೆಗಳಲ್ಲಿ ಹೆಂಗಸರ ಕೈಗೆ ಬರೋ ದುಡ್ಡು, ಮಕ್ಕಳ ಫೀಸು, ಸಂಘದ ಕಂತು ನಡೆದಿರೋದು ಈ ದಿನದಿನದ ಲೆಕ್ಕದಲ್ಲೇ. ದೊಡ್ಡ ಲಾಭದ ಬೆಳೆ ಅಂತ ಸಾಲ ಮಾಡಿ ಇಳಿಯುವಂಥದ್ದಲ್ಲ, ಮನೆಯ ಇತರ ಕೆಲಸದ ಜತೆ ನಡೆಸಿದರೆ ಕೈ ಹಿಡಿಯುವಂಥದ್ದು.

ವರ್ಷದ ಕೆಲಸ ಒಂದೇ ನೋಟದಲ್ಲಿ

ಮೇ ಕೊನೆ: ಕಣಿ ಸರಿ ಮಾಡಿ, ಬುಡಕ್ಕೆ ಮಣ್ಣು ಏರಿಸಿ. ಹೊಸ ಗಿಡ ನೆಡೋಕೆ ಒಳ್ಳೆ ಹೊತ್ತು.

ಜೂನ್‌ನಿಂದ ಆಗಸ್ಟ್: ಗೊಬ್ಬರ ಬೇಡ. ನೀರು ನಿಲ್ಲದ ಹಾಗೆ ನೋಡಿ. ಗೆಲ್ಲು ಊರಿ ಹೊಸ ಗಿಡ ಮಾಡ್ಕೊಳ್ಳಿ.

ಸೆಪ್ಟೆಂಬರ್, ಅಕ್ಟೋಬರ್: ಕಳೆ ತೆಗೀರಿ, ಒಣ ಗೆಲ್ಲು ತೆಗೀರಿ. ಮಳೆಗಾಲದಲ್ಲಿ ತೊಟ್ಟೆಯಲ್ಲಿಟ್ಟ ಗಿಡ ನೆಡಿ.

ನವೆಂಬರ್, ಡಿಸೆಂಬರ್: ನೀರು ನಿಲ್ಲಿಸಿ, ಗೆಲ್ಲು ಸವರಿ, ಗೊಬ್ಬರ ಕೊಡಿ.

ಜನವರಿ, ಫೆಬ್ರವರಿ: ನೀರು ತಪ್ಪಿಸಬೇಡಿ. ಚಿಗುರಿಗೆ ಹುಳ ಬಂದಿದ್ಯಾ ನೋಡಿ.

ಮಾರ್ಚ್‌ನಿಂದ ಮೇ: ದಿನಾ ಕೊಯ್ಲು, 15 ದಿನಕ್ಕೊಮ್ಮೆ ಹಿಂಡಿ ನೀರು.

ಒಮ್ಮೆ ಬೇರು ಹಿಡಿದ ಮಲ್ಲಿಗೆ ಗಿಡ ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಹೂ ಕೊಡುತ್ತೆ. ಅಷ್ಟು ವರ್ಷ ಒಂದೇ ಜಾಗದಲ್ಲಿ ಇರಬೇಕಾದ ಗಿಡಕ್ಕೆ ಜಾಗ ಹುಡುಕೋಕೆ ಒಂದು ವಾರ ತಗೊಂಡರೆ ನಷ್ಟ ಏನಿಲ್ಲ. ಈ ಸಲ ಜೋರು ಮಳೆ ಬಂದಾಗ ಕೊಡೆ ಹಿಡ್ಕೊಂಡು ಅಂಗಳಕ್ಕೆ ಇಳೀರಿ, ನೀರು ಎಲ್ಲಿ ನಿಲ್ಲುತ್ತೆ ಅಂತ ಗುರುತು ಮಾಡಿ. ಗಿಡ ತರೋದು ಅದರ ನಂತರ.